ಬೀಗವಿಲ್ಲದ ತಾರಸಿ

ಬಸವೇಶ್ವರನಗರದಲ್ಲಿ ನಾವು ಬಾಡಿಗೆಗಿರುವುದು ನೆಲಮಹಡಿಯಲ್ಲಿ. ತಾರಸಿಗೆ ಬೀಗ; ಬೀಗದಕೈ ಓನರ್ ಹತ್ತಿರ. ಹಾಗಾಗಿ ಬೇಸಿಗೆ ಬಂದರೆ ಅಮ್ಮ ಸಂಡಿಗೆ ಒಣಗಿಸುವುದು ಮಾರ್ಕೆಟ್ ಹಿಂದಿರುವ ಪಾಲಿಕೆಯ ಪಾರ್ಕಿಂಗ್ ಜಾಗದಲ್ಲಿ. ಮೂಲೆಯಲ್ಲಿ ಅವಳ ಹಳೇ ಸೀರೆ ಹಾಸಿದ್ದರೆ ಯಾರೂ ಅಲ್ಲಿ ಗಾಡಿ ನಿಲ್ಲಿಸುವುದಿಲ್ಲ.

ಈ ವರ್ಷ ಅಲ್ಲಿ ನಾಲ್ಕಂತಸ್ತಿನ ಕಟ್ಟಡ ಎಬ್ಬಿಸುವ ಪ್ರಸ್ತಾವ ಬಂತು. ಕೆಳಗೆ ಅಂಗಡಿ, ಮೇಲೆಲ್ಲ ಪಾರ್ಕಿಂಗ್. ನನಗೆ ಮೈ ಉರಿಯಿತು. ಒಂದಿಷ್ಟು ಬಯಲು ಕಂಡರೆ ಸಾಕು, ಇವರಿಗೆ ಕೈ ತುರಿಸುತ್ತದೆ. ಜನರ ಅಭಿಪ್ರಾಯ ಕೇಳಲು ಅಲ್ಲೇ ಶಾಮಿಯಾನ ಹಾಕಿ ಸಭೆ ಕರೆದಾಗ, ಸಾಕ್ಷಿಗಿರಲಿ ಎಂದು ಅಮ್ಮನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ.

ಮೈಕ್ ಸಿಕ್ಕಿದ್ದೇ ತಡ, ಗಂಟಲು ಕಟ್ಟುವವರೆಗೆ ಮಾತಾಡಿದೆ. "ಇದು ಬರೀ ಪಾರ್ಕಿಂಗ್ ಅಲ್ಲ ಸಾರ್, ನಮ್ಮ ಅಂಗಳ. ಬೇಕಾದ್ರೆ ನಮ್ಮಮ್ಮನ್ನೇ ಕೇಳಿ," ಎಂದು ಮೈಕನ್ನು ಅವಳ ಕೈಗಿತ್ತೆ.

ಅಮ್ಮ ಎದುರು ಕೂತಿದ್ದ ಪಾಲಿಕೆಯ ಎಂಜಿನಿಯರನ್ನು ಕೇಳಿದಳು. "ಮೇಲೆ ತಾರಸಿ ಇರುತ್ತೇನಪ್ಪಾ?"

"ಇರುತ್ತೆ ಅಮ್ಮ."

"ಬೀಗ ಹಾಕ್ತೀರಾ?"

ಆತ ಪಕ್ಕದವರ ಮುಖ ನೋಡಿದ. "ಇಲ್ಲಮ್ಮ. ಅಲ್ಲೂ ಗಾಡಿ ನಿಲ್ಸೋದೇ, ತೆರೆದಿರುತ್ತೆ."

"ಲಿಫ್ಟು?"

"ಅದೂ ಇರುತ್ತೆ."

"ಹಂಗಾದ್ರೆ ಬೇಗ ಕಟ್ಟಿ," ಎಂದು ಮೈಕನ್ನು ನನಗೇ ವಾಪಸ್ ಕೊಟ್ಟಳು. ಶಾಮಿಯಾನವೆಲ್ಲ ನಕ್ಕಿತು.

ಮನೆ ಬರುವವರೆಗೂ ನಾನು ಹಳ್ಳ ದಿಣ್ಣೆ ನೋಡದೆ ಸ್ಕೂಟರ್ ಓಡಿಸಿದೆ. ಸ್ಕೂಟರಿನಿಂದ ಇಳಿಯುತ್ತಾ ಅವಳೇ ನನ್ನ ಬೆನ್ನು ತಟ್ಟಿದಳು.

"ಸಿಟ್ಟು ಮಾಡ್ಕೋಬೇಡ ಕಣೋ. ಅಷ್ಟು ಮೇಲೆ ಹೋದ್ರೆ ಬಿಸಿಲು ಇನ್ನೂ ಹತ್ತಿರ."