ವಿಮಾನ ತಡೆದ ಕೂದಲ ಕ್ಲಿಪ್ಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಮಾನ ನಿಲ್ದಾಣದ ಕಾಂಕ್ರೀಟ್ ಅಂಗಳದಲ್ಲಿ ಕಾಲೇಜು ಮಕ್ಕಳು ಅಡ್ಡಸಾಲಾಗಿ, ತಲೆ ತಗ್ಗಿಸಿ ನಡೆಯುತ್ತಿದ್ದಾರೆ. ಹಿಂದೆ ಚೀಲ ಹಿಡಿದ ಒಬ್ಬ ಹೆಂಗಸು. "ಆಕಾಶ ಎಲ್ಲೂ ಓಡಿಹೋಗಲ್ರಪ್ಪ, ನೆಲ ನೋಡಿ" ಎನ್ನುತ್ತಾರೆ. ಒಂದು ಕಲ್ಲಿನ ಚೂರೋ ಮೊಳೆಯೋ ಎಂಜಿನ್ನಿನ ಬಾಯಿಗೆ ಹೋದರೆ ಅನಾಹುತ. ಹಾಗಾಗಿ ಮೊದಲ ಹಾರಾಟಕ್ಕೆ ಮುನ್ನ ಹೀಗೆ ಕಸ ಆಯುವುದು ಇಲ್ಲಿಯ ರೂಢಿ.

ಮಕ್ಕಳ ಬಾಯಲ್ಲಿ ಆಕೆ 'ನೆಲನೋಡಕ್ಕ'. ಗಂಡ ತೀರಿಕೊಂಡಾಗ ಎಳೆ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಇದೇ ಅಂಗಳ ಗುಡಿಸಲು ಬಂದವರು. ಮಂಡಿ ಸವೆದ ಮೇಲೆ ಕಾಲೇಜಿನ ವಿಮಾನಯಾನ ಪರಿಚಯ ಕೋರ್ಸಿಗೆ ಸಹಾಯಕಿಯಾದರು. ಅತ್ತೆ ಈಗಲೂ ಛೇಡಿಸುತ್ತಾರಂತೆ: "ಹೆಸರಿಗೆ ಕಾಲೇಜು, ಕೈಯಲ್ಲಿ ಅದೇ ಕಸದ ಚೀಲ. ಇದೆಂಥ ಬಡ್ತಿ ಕಣೇ?"

"ಸೇರುವಾಗ ಎಲ್ಲರಿಗೂ ಪೈಲಟ್ ಆಗ್ಬೇಕು, ಇಲ್ಲಾಂದ್ರೆ ಗಗನಸಖಿ" ಎಂದು ಅಕ್ಕ ನಗುತ್ತಾರೆ. "ಸಾಮಾನು ಹೇರೋರು, ಇಂಧನ ತುಂಬೋರು, ತೂಕ ನೋಡೋರು... ಒಂದು ವಿಮಾನ ಮೇಲೇಳೋಕೆ ಕೆಳಗೆ ಎಷ್ಟು ಜನ ಬೇಕು ಅಂತ ಇಲ್ಲಿಗೆ ಬಂದ್ಮೇಲೇ ಗೊತ್ತಾಗೋದು."

ಆದರೆ ನಿಲ್ದಾಣ ಮಕ್ಕಳ ಈ ಭೇಟಿಗಳಿಗೆ ಕೊಟ್ಟಿರುವುದು ಒಂದು ವರ್ಷದ ಅನುಮತಿ ಮಾತ್ರ. ಎಡವಟ್ಟಾದರೆ ಗೇಟು ಮುಚ್ಚುತ್ತದೆ. ಗೇಟು ಮುಚ್ಚಿದರೆ ಕೋರ್ಸೂ ಮುಚ್ಚಿದಂತೆಯೇ.

ಒಳಗೆ ಬಿಡುವಾಗ ಪ್ರತಿಯೊಬ್ಬರ ಪೆನ್ನು, ಪಿನ್ನುಗಳನ್ನು ಅಕ್ಕ ಎಣಿಸುತ್ತಾರೆ. ಹೊರಬರುವಾಗ ಮತ್ತೆ ಎಣಿಕೆ. ಇಂದು ಒಬ್ಬ ಹುಡುಗಿ ಗೇಟಿನಲ್ಲಿ ತಲೆ ತಡವಿಕೊಂಡು ನಿಂತುಬಿಡುತ್ತಾಳೆ.

"ಅಕ್ಕಾ, ಒಂದು ಕ್ಲಿಪ್ ಇಲ್ಲ."

"ಬಸ್ಸಲ್ಲೇ ಬಿಟ್ಯೇನೋ."

"ಇಲ್ಲಕ್ಕಾ. ಒಳಗೆ ಬಿಡುವಾಗ ನೀವೇ ಎಣಿಸಿದ್ರಲ್ಲ."

ಅಂಗಳದಲ್ಲಿ ಪ್ರಯಾಣಿಕರು ಹತ್ತಿ, ವಿಮಾನದ ಬಾಗಿಲು ಮುಚ್ಚಿಯಾಗಿದೆ. ಅಕ್ಕ ಒಮ್ಮೆ ವಿಮಾನವನ್ನು, ಒಮ್ಮೆ ಗೇಟನ್ನು ನೋಡುತ್ತಾರೆ. ಹೇಳಿದರೆ ಗೇಟು ಮುಚ್ಚೀತು; ಹೇಳದೆ ಇರುವುದು ಹೇಗೆ? ಮಂಡಿನೋವನ್ನೂ ಮರೆತು ನಿಲ್ದಾಣದ ಅಧಿಕಾರಿಯ ಬಳಿಗೆ ಬಿರಬಿರನೆ ನಡೆಯುತ್ತಾರೆ.

"ಸಾರ್, ವಿಮಾನ ನಿಲ್ಲಿಸಿ. ನಮ್ಮ ಹುಡುಗಿ ಕ್ಲಿಪ್ಪು ಅಲ್ಲೆಲ್ಲೋ ಬಿದ್ದಿದೆ."

ಮತ್ತೆ ಅಡ್ಡಸಾಲು. ಈ ಸಲ ಹೆಜ್ಜೆ ಹೆಜ್ಜೆಗೂ ಬಗ್ಗಿ ನೋಡುತ್ತಾರೆ. ಕ್ಲಿಪ್ಪು ಸಿಗುವುದು ಎಂಜಿನ್ನಿನಿಂದ ಮಾರು ದೂರದಲ್ಲಿ, ಕಾಂಕ್ರೀಟಿನ ಬಿರುಕಿನಲ್ಲಿ. ಹುಡುಗಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಳುತ್ತಾಳೆ.

ಅಧಿಕಾರಿ ಕ್ಲಿಪ್ಪನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. "ಬೆಳ್ಳಂಬೆಳಗ್ಗೆ ವಿಮಾನ ತಡ ಮಾಡಿಸಿದ್ರಲ್ಲಮ್ಮ" ಎನ್ನುತ್ತಾರೆ. ಆಮೇಲೆ ಕ್ಲಿಪ್ಪನ್ನು ಅಕ್ಕನ ಕೈಗಿಡುತ್ತಾರೆ. "ಬಿದ್ದಿದ್ದನ್ನ ಬಾಯಿಬಿಟ್ಟು ಹೇಳೋ ಮಕ್ಕಳೇ ಬೇಕು ನಮಗೆ. ಮುಂದಿನ ವರ್ಷನೂ ಕರ್ಕೊಂಡು ಬನ್ನಿ. ಕ್ಲಿಪ್ಪು ಮಾತ್ರ ಗೇಟಲ್ಲೇ ಬಿಚ್ಚಿಸಿಬಿಡಿ."

ಹೋದ ಜೀವ ಬಂದಂತೆ ಮಕ್ಕಳೆಲ್ಲ ಒಟ್ಟಿಗೇ ಉಸಿರು ಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ವಿಮಾನ ಗುಡುಗುತ್ತಾ ಮೇಲೇಳುತ್ತದೆ. ಕ್ಯಾಂಟೀನಿನ ಬೆಂಚಿನ ಮೇಲೆ ಕಾಲು ಚಾಚಿ ಕೂತ ಅಕ್ಕನ ಕೈಯಲ್ಲಿ ಬಿಸಿ ಚಹಾ. ವಿಮಾನದೊಳಗಿದ್ದವರೆಲ್ಲ ತಡವಾಯಿತೆಂದು ಬೈದುಕೊಂಡಿರಬೇಕಲ್ಲ ಎಂದರೆ, ಅಕ್ಕ ಲೋಟ ಊದಿ ಒಂದು ಗುಟುಕು ಕುಡಿಯುತ್ತಾರೆ.

"ಬೈಲಿ ಬಿಡಿ. ಮನೆ ಸೇರ್ಕೊಂಡು, ಆರಾಮಾಗಿ ಕೂತ್ಕೊಂಡು ಬೈಲಿ."