ನಾಲ್ಕೇ ದಿನಕ್ಕೆ ಉದುರುತ್ತಿದ್ದ ರೆಪ್ಪೆಗಳು

ಈಗ ಖಾರ್ಘರ್‌ನಲ್ಲಿರುವ ನನ್ನ ಪಾರ್ಲರಿಗೆ ಬರುವ ಹುಡುಗಿಯರು ಮಲಗಿದೊಡನೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ನನಗೂ ಒಳ್ಳೆಯದೇ, ಮಾತಾಡುವುದು ತಪ್ಪುತ್ತದೆ. ಆದರೂ ಅವರ ಮುಚ್ಚಿದ ಕಣ್ಣುಗಳ ಮೇಲೆ ಬಗ್ಗಿದಾಗಲೆಲ್ಲ ಡೊಂಬಿವಲಿಯ ನಮ್ಮ ಹಳೆಯ ಮನೆಯ ಭಾನುವಾರಗಳು ನೆನಪಾಗುತ್ತವೆ. ನಾನು ಕೃತಕ ರೆಪ್ಪೆಗೂದಲು ಅಂಟಿಸುವುದನ್ನು ಕಲಿತದ್ದು ಆ ಮನೆಯ ಹಾಲ್‌ನಲ್ಲಿ, ಅಮ್ಮನ ಕಣ್ಣಿನ ಮೇಲೆ.

ಠಾಣೆ ನಗರದಲ್ಲಿ ಒಂದು ವಾರದ ಕ್ಲಾಸ್ ಮುಗಿಸಿದ್ದೆ. ಅಲ್ಲಿ ನಮಗೆ ಕೊಟ್ಟಿದ್ದು ಪ್ಲಾಸ್ಟಿಕ್ ಗೊಂಬೆಯ ತಲೆ. ಗೊಂಬೆ ಸೀನುವುದಿಲ್ಲ, ನಗುವುದಿಲ್ಲ, ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಎಂದು ನಡುವೆ ಕೇಳುವುದಿಲ್ಲ. ಅಭ್ಯಾಸಕ್ಕೆ ಜೀವಂತ ಕಣ್ಣು ಬೇಕಿತ್ತು. ಬರುತ್ತೇನೆಂದಿದ್ದ ಗೆಳತಿಯರೆಲ್ಲ ಕೈಕೊಟ್ಟರು. ಕೊನೆಗೆ ಅಮ್ಮನನ್ನೇ ಹಿಡಿದೆ.

“ಈ ವಯಸ್ಸಲ್ಲಿ ನಂಗೆಂತ ಶೋಕಿ ಮಾರಾಯ್ತಿ? ಬಿಲ್ಡಿಂಗಿನವರು ನಗ್ತಾರೆ,” ಎಂದಳು. ಆದರೂ ಊಟವಾದ ಮೇಲೆ ಕೈ ಒರೆಸಿಕೊಂಡು ಬಂದು ದಿವಾನ್ ಮಂಚದ ಮೇಲೆ ಮಲಗಿದಳು.

ಕೆಳಗಿನ ರೆಪ್ಪೆಗೆ ಪ್ಯಾಡ್ ಅಂಟಿಸಿ, ಕಣ್ಣು ಮುಚ್ಚಿಸಿ, ಎರಡೂ ಕೈಯಲ್ಲಿ ಚಿಮಟ ಹಿಡಿದು ಕೂತೆ. ಒಂದರಿಂದ ಅವಳ ರೆಪ್ಪೆಯ ಒಂದು ಕೂದಲನ್ನು ಬೇರ್ಪಡಿಸಿ, ಇನ್ನೊಂದರಿಂದ ಗಮ್ಮಿನಲ್ಲಿ ಅದ್ದಿದ ಕೃತಕ ಎಳೆಯನ್ನು ಅದರ ಮೇಲೆ ಕೂರಿಸಬೇಕು. ಚರ್ಮಕ್ಕೆ ತಾಗಬಾರದು. ಹೀಗೆ ಒಂದೊಂದಾಗಿ, ಎರಡು ಕಣ್ಣಿಗೆ ಎರಡು ಗಂಟೆ. ಅಮ್ಮನ ಮುಖವನ್ನು ಅಷ್ಟು ಹತ್ತಿರದಿಂದ ನಾನು ಅದುವರೆಗೆ ನೋಡಿರಲಿಲ್ಲ. ಹುಬ್ಬಿನ ಪಕ್ಕ ಎಣ್ಣೆ ಸಿಡಿದ ಸಣ್ಣ ಕಲೆಯಿತ್ತು. ಯಾವಾಗ ಸಿಡಿದದ್ದೋ, ಕೇಳಬೇಕೆಂದು ನನಗೆ ತೋಚಿಯೇ ಇರಲಿಲ್ಲ.

ಅಪ್ಪ ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ಒಂದು ವೆಜ್ ಹೋಟೆಲಿನಲ್ಲಿ ಮ್ಯಾನೇಜರ್. ಭಾನುವಾರ ರಜೆ; ಆ ರಜೆಯನ್ನು ಪೂರ್ತಿ ಅಮ್ಮನಿಗೆ ಕೆಲಸ ಹೇಳುವುದರಲ್ಲೇ ಕಳೆಯುತ್ತಿದ್ದರು. ಅವತ್ತೂ ಒಳಗಿನಿಂದ “ಕೇಳ್ತಾ? ಚಾ ಉಂಟಾ?” ಎಂದು ಕೂಗಿದರು.

“ಅಮ್ಮ ಏಳುವ ಹಾಗಿಲ್ಲ! ಕಣ್ಣು ಅಂಟಿ ಹೋಗ್ತದೆ!” ಎಂದು ಗದರಿದೆ.

ಅಪ್ಪ ಹೆದರಿ ತಾವೇ ಚಹಾ ಮಾಡಿಕೊಂಡರು. ಇಡ್ಲಿ ಹಿಟ್ಟು ಕೇಳಲು ಬಂದ ಎದುರು ಮನೆಯ ಮರಾಠಿ ಕಾಕೂಗೂ ಅವರೇ ಬಾಗಿಲಲ್ಲಿ ನಿಂತು “ಉದ್ಯಾ ಯಾ” ಅಂದು, ನಾಳೆ ಬನ್ನಿ ಎಂದು ವಾಪಸ್ ಕಳಿಸಿದರು. ಅಷ್ಟರಲ್ಲಿ ಅಮ್ಮ ಗೊರಕೆ ಹೊಡೆಯುತ್ತಿದ್ದಳು.

ಎದ್ದು ಕನ್ನಡಿ ನೋಡಿಕೊಂಡು, “ಯಕ್ಷಗಾನದ ಸ್ತ್ರೀವೇಷದ ಹಾಗೆ ಉಂಟಲ್ಲ,” ಎಂದಳು. ಮುಖ ಮಾತ್ರ ಅರಳಿತ್ತು. ನಾನು ನಿಯಮ ಹೇಳಿದೆ: ಹಬೆಗೆ ಮುಖ ಒಡ್ಡಬಾರದು, ಕಣ್ಣಿನ ಹತ್ತಿರ ಎಣ್ಣೆ ಸುಳಿಯಬಾರದು, ಉಜ್ಜಲಂತೂ ಬಾರದು. ಅಮ್ಮ ಬೆರಳು ಮಡಚುತ್ತ ಮೂರನ್ನೂ ಒಪ್ಪಿಸಿದಳು.

ಸರಿಯಾಗಿ ಹಾಕಿದರೆ ಎರಡು ಮೂರು ವಾರ ನಿಲ್ಲಬೇಕು. ಅಮ್ಮನದು ಗುರುವಾರದ ಹೊತ್ತಿಗೆ ಅರ್ಧ ಖಾಲಿ. ಭಾನುವಾರ ಮತ್ತೆ ಮಲಗಿಸಿ ತುಂಬಿಸಿದೆ, ಗುರುವಾರ ಮತ್ತೆ ಅದೇ ಕಥೆ. ಗಮ್ ಬದಲಾಯಿಸಿದೆ. ಮಳೆಗಾಲದ ತೇವವನ್ನು ಬೈದೆ. ಕಲಿಸಿದವಳನ್ನೂ ಬೈದೆ. ನಾಲ್ಕನೆಯ ಗುರುವಾರ ಅಮ್ಮನ ದಿಂಬಿನ ಮೇಲಿನ ಕಪ್ಪು ಎಳೆಗಳನ್ನು ಆರಿಸುತ್ತ ಅತ್ತೇಬಿಟ್ಟೆ. ಪಕ್ಕದ ಠಾಕುರ್ಲಿಯ ಒಬ್ಬ ಮದುಮಗಳು ನನ್ನ ಮೊದಲ ಗಿರಾಕಿಯಾಗಲು ಒಪ್ಪಿದ್ದಳು. ಎಂಟು ದಿನದಲ್ಲಿ ಅವಳಿಗೆ ಹಾಕಬೇಕಿತ್ತು. ಮದುವೆ ಮಂಟಪದಲ್ಲಿ ಅವಳ ರೆಪ್ಪೆ ಉದುರಿದರೆ ನಾನು ಡೊಂಬಿವಲಿಯಲ್ಲಿ ಮುಖವೆತ್ತಿ ತಿರುಗುವ ಹಾಗಿರಲಿಲ್ಲ.

ಸಂಜೆ ಅಪ್ಪ ಲೋಕಲ್ ರೈಲು ಇಳಿದು ಮನೆಗೆ ಬರುವುದನ್ನೇ ಕಾದಿದ್ದು ಹೇಳಿದೆ: “ಆ ಹುಡುಗಿಗೆ ಬೇಡ ಅಂತ ಫೋನ್ ಮಾಡ್ತೇನೆ. ಇದು ನನ್ನ ಕೈಗೆ ಹತ್ತುವುದಿಲ್ಲ. ನೀವು ಹೇಳಿದ ಆಫೀಸ್ ಕೆಲಸಕ್ಕೇ ಸೇರ್ತೇನೆ.”

ಅಪ್ಪನಿಗೆ ಖುಷಿಯೋ ಖುಷಿ. ಚಹಾ ಸೋಸುತ್ತಿದ್ದ ಅಮ್ಮ ಪಾತ್ರೆ ಕೆಳಗಿಟ್ಟು, ನನ್ನನ್ನು ಅಡುಗೆಮನೆಯೊಳಗೆ ಎಳೆದುಕೊಂಡಳು.

“ನಿನ್ನ ಕೈಯದ್ದು ತಪ್ಪಲ್ಲ. ನಾನೇ ಉದುರಿಸಿದ್ದು.”

“ಎಂತ?”

“ನೀನು ಮಾಡಬೇಡ ಅಂದದ್ದೆಲ್ಲ ಮಾಡಿದೆ. ಇಡ್ಲಿ ಪಾತ್ರೆ ಮುಚ್ಚಳ ತೆಗೆದು ಮುಖ ಹಿಡಿದೆ. ಸ್ನಾನ ಆದ ಮೇಲೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನಿಗೆ ಕೇಳಬಾರದೆಂದು ಹಲ್ಲು ಕಚ್ಚಿ, “ಇಷ್ಟ ಇಲ್ಲದಿದ್ರೆ ಮೊದಲೇ ಹೇಳ್ಬಹುದಿತ್ತಲ್ಲ! ಒಂದು ತಿಂಗಳು ನನ್ನ ಜೀವ ತಿಂದೆ!” ಎಂದೆ.

“ಇಷ್ಟ ಇಲ್ಲ ಅಂತ ಯಾರು ಹೇಳಿದ್ದು?” ಅಮ್ಮ ನನ್ನ ಮುಖ ನೋಡದೆ ಗ್ಯಾಸ್ ಕಟ್ಟೆ ಒರೆಸತೊಡಗಿದಳು. “ಅದು ಉದುರದಿದ್ರೆ ನೀನು ಮೂರು ವಾರ ನನ್ನ ಮಲಗಿಸುವುದಿಲ್ಲ. ಅಲ್ಲಿ ಮಲಗಿದ್ರೆ ಎರಡು ಗಂಟೆ ಯಾರೂ ಕರೆಯುವುದಿಲ್ಲ ಮಗಾ.”

ಅಪ್ಪನನ್ನು ದೂರಿ ಕೈತೊಳೆದುಕೊಳ್ಳೋಣವೆಂದರೆ, ಟವೆಲ್ ಎಲ್ಲಿ, ಚಾರ್ಜರ್ ಎಲ್ಲಿ ಎಂದು ದಿನಕ್ಕೆ ಇಪ್ಪತ್ತು ಸಲ ಅವಳನ್ನು ಕರೆಯುತ್ತಿದ್ದವಳು ನಾನೇ. ತುಂಬಾ ನಾಚಿಕೆಯಾಯಿತು.

ಠಾಕುರ್ಲಿಗೆ ಫೋನ್ ಮಾಡಲಿಲ್ಲ. ಆ ಮದುಮಗಳ ರೆಪ್ಪೆ ಮುಂದೆ ಮೂರು ವಾರ ಗಟ್ಟಿಯಾಗಿ ನಿಂತಿತು. ಆದರೆ ಅದಕ್ಕೂ ಮೊದಲು ಒಂದು ಭಾನುವಾರ ಬಂತು. ಅಮ್ಮ ದಿವಾನ್ ಕಡೆ ಸುಳಿಯಲೇ ಇಲ್ಲ. ನಾನೇ ಕರೆದು ಮಲಗಿಸಿದೆ. ಪ್ಯಾಡ್ ಅಂಟಿಸಿ ಚಿಮಟ ಹಿಡಿದು ಕೂತೆ. ಗಮ್ಮಿನ ಬಾಟಲಿ ತೆರೆಯಲಿಲ್ಲ. ಅಪ್ಪ ಚಹಾ ಎಂದಾಗ ಯಾವತ್ತಿನಂತೆ ಗದರಿದೆ. ಎರಡು ಗಂಟೆ ಏನೂ ಮಾಡದೆ, ಅಮ್ಮ ನಿದ್ದೆ ಮಾಡುವುದನ್ನು ನೋಡುತ್ತ ಅವಳ ತಲೆಯ ಬಳಿ ಕೂತಿದ್ದೆ.

ಎದ್ದವಳು ಕನ್ನಡಿ ಕೇಳಲಿಲ್ಲ. ಬೆರಳಿನಿಂದ ರೆಪ್ಪೆಯನ್ನು ಮೆಲ್ಲಗೆ ಮುಟ್ಟಿ ನೋಡಿದಳು. ಆಮೇಲೆ ಒಳಗಿದ್ದ ಅಪ್ಪನಿಗೆ ಕೇಳುವ ಹಾಗೆ ಗಟ್ಟಿಯಾಗಿ, “ಇನ್ನೂ ಸರಿ ಕೂತಿಲ್ಲ ಮಗಾ, ಬರುವ ವಾರವೂ ಹಾಕ್ಬೇಕಾಗ್ತದೆ,” ಎಂದಳು.