ಪುಕ್ಕಟೆ ಪ್ಲೇಟುಗಳ ಐಆರ್‌ಆರ್

2022ರ ಹೊತ್ತಿಗೆ ನಾನು ಪುಣೆಯ ಒಂದು ಸಹಕಾರಿ ಬ್ಯಾಂಕಿನ ಸಾಲ ಪರಿಶೀಲನಾ ವಿಭಾಗದಿಂದ ನಿವೃತ್ತಳಾಗಿ, ಸದಾಶಿವ ಪೇಠದ ಮನೆಯಲ್ಲೇ ಕೂತು ಸಣ್ಣ ಉದ್ಯಮದವರ ಹೂಡಿಕೆ ಲೆಕ್ಕ ನೋಡಿಕೊಡುತ್ತಿದ್ದೆ. ಧಾರವಾಡದವಳೆಂದು ಗೊತ್ತಾಗಿ ಕನ್ನಡದವರೇ ಹೆಚ್ಚು ಬರುತ್ತಿದ್ದರು. ಫೀ ಎಂದ ಕೂಡಲೇ ಚಹಾ ಮುಗಿಸಿ ಎದ್ದು ಹೋದವರೂ ಇದ್ದಾರೆ.

ಆ ಜನವರಿಯಲ್ಲಿ ಬಂದವರು ಮಲ್ಲಪ್ಪ ಮತ್ತು ಅವರ ಹೆಂಡತಿ ಮಹಾದೇವಿ. ಯಾದಗಿರಿ ಕಡೆಯವರು, ಪಿಂಪ್ರಿ-ಚಿಂಚವಾಡದಲ್ಲಿ ಸೆಂಟ್ರಿಂಗ್ ಗುತ್ತಿಗೆ ಮಾಡುತ್ತಿದ್ದರು. ಸ್ಲ್ಯಾಬ್ ಹಾಕುವಾಗ ಹಸಿ ಕಾಂಕ್ರೀಟನ್ನು ಹೊರುವ ಕಬ್ಬಿಣದ ಪ್ಲೇಟು, ಅದರ ಕೆಳಗೆ ನಿಲ್ಲಿಸುವ ಜಾಕು, ಇವನ್ನು ಕಟ್ಟಿ ಬಿಚ್ಚುವ ಕೆಲಸ ಅದು. ಗಂಡಹೆಂಡತಿ ದುಡಿದು ಒಂಬತ್ತು ಲಕ್ಷ ಉಳಿಸಿದ್ದರು. ಮಗಳು ರೇಣುಕಾ ಮುಂದಿನ ವರ್ಷ ನರ್ಸಿಂಗ್ ಸೇರಬೇಕು. ನಾಲ್ಕು ವರ್ಷ, ವರ್ಷಕ್ಕೆ ಒಂದೂವರೆ ಲಕ್ಷ. ಆ ಒಂಬತ್ತು ಲಕ್ಷ ಬಿಟ್ಟರೆ ಮನೆಯಲ್ಲಿ ಬೇರೆ ಆಸರೆ ಇರಲಿಲ್ಲ.

ಅವರ ಮುಂದೆ ಎರಡು ದಾರಿ. ಒಂದು, ಊರಾಚೆಯ ಲೇಔಟಿನ ಯೋಜನೆ: ಐದು ವರ್ಷಕ್ಕೆ ದುಡ್ಡು ಎರಡು ಪಟ್ಟು. ಇನ್ನೊಂದು, ಪ್ಲೇಟು, ಜಾಕು ಕೊಂಡು ಬೇರೆ ಗುತ್ತಿಗೆದಾರರಿಗೆ ಬಾಡಿಗೆಗೆ ಬಿಡುವುದು. ಮಲ್ಲಪ್ಪನವರ ಮನಸ್ಸು ಲೇಔಟಿನ ಕಡೆ ವಾಲಿತ್ತು.

“ನೂರಕ್ಕ ನೂರು ಲಾಭ ಅದ ಅಕ್ಕಾರ. ವರ್ಷಕ್ಕ ಇಪ್ಪತ್ತು ಬಿತ್ತಲ್ರಿ,” ಎಂದರು.

ಲೇಔಟಿನ ಏಜೆಂಟ್ ಹೇಳಿಕೊಟ್ಟ ಪಾಠ ಅದು. ಒಟ್ಟು ಲಾಭವನ್ನು ಹೂಡಿಕೆಗೆ ಭಾಗಿಸಿದರೆ ಆರ್‌ಒಐ ನೂರು ಪ್ರತಿಶತ, ನಿಜ. ಆದರೆ ಅದಕ್ಕೆ ಐದು ವರ್ಷವೂ ಒಂದೇ, ಐವತ್ತು ವರ್ಷವೂ ಒಂದೇ. ಚಕ್ರಬಡ್ಡಿಯ ಲೆಕ್ಕದಲ್ಲಿ, ಅಂದರೆ ಸಿಎಜಿಆರ್ ತೆಗೆದರೆ, ವರ್ಷಕ್ಕೆ ಬರುವುದು ಹದಿನೈದೇ. ಅದೂ ಕೊನೆಗೆ ಒಂದೇ ಗಂಟಾಗಿ. ಕಾಲೇಜಿನವರು ಅಲ್ಲಿಯವರೆಗೆ ಕಾಯುವುದಿಲ್ಲ.

ಪ್ಲೇಟಿನ ಬಾಡಿಗೆಯಾದರೋ ಖರ್ಚು ಕಳೆದು ತಿಂಗಳಿಗೆ ಮೂವತ್ತಾರು ಸಾವಿರ. ಮಳೆಗಾಲಕ್ಕೆಂದು ಎರಡು ತಿಂಗಳು ಬಿಟ್ಟರೂ ವರ್ಷಕ್ಕೆ ಮೂರು ಲಕ್ಷ ಅರವತ್ತು ಸಾವಿರ. ಎರಡೂವರೆ ವರ್ಷಕ್ಕೆ ಅಸಲು ವಾಪಸ್ಸು, ಇದೇ ಪೇಬ್ಯಾಕ್. ಐದನೇ ವರ್ಷ ಗುಜರಿಗೆ ಹಾಕಿದರೆ ಎರಡು ಲಕ್ಷ. ಯಾವ ದುಡ್ಡು ಯಾವ ವರ್ಷ ಕೈಗೆ ಬರುತ್ತದೆ ಎಂಬುದನ್ನೂ ಹಿಡಿದು ತೂಗುವ ದರಕ್ಕೆ ಐಆರ್‌ಆರ್ ಎನ್ನುತ್ತಾರೆ. ಅದು ಮೂವತ್ತೆರಡರ ಹತ್ತಿರ ಬಂತು. ಹದಿನೈದೆಲ್ಲಿ, ಮೂವತ್ತೆರಡೆಲ್ಲಿ! ನನಗಂತೂ ಕೇಸು ಮುಗಿದೇ ಹೋಗಿತ್ತು.

ಆದರೂ ಜಾಗ ನೋಡದೆ ಸಹಿ ಹಾಕಬಾರದು ಎಂಬ ಬ್ಯಾಂಕಿನ ಚಟ ಬಿಟ್ಟಿರಲಿಲ್ಲ. ಭಾನುವಾರ ಅವರ ಶೆಡ್ಡಿಗೆ ಹೋದೆ. ಅವರಲ್ಲಿದ್ದ ಹಳೆಯ ಪ್ಲೇಟುಗಳಲ್ಲಿ ಅರ್ಧದಷ್ಟನ್ನು ಒಂದು ಟೆಂಪೋಗೆ ತುಂಬುತ್ತಿದ್ದರು. ಯಾರಿಗೆ ಎಂದೆ. ತಮ್ಮೂರಿನ ಸಿದ್ದಪ್ಪನ ಗ್ಯಾಂಗಿಗಂತೆ. ಬಾಡಿಗೆ ಎಷ್ಟು ಎಂದೆ. ಮಲ್ಲಪ್ಪ ಟೆಂಪೋದ ಹಗ್ಗ ಬಿಗಿಯತೊಡಗಿದರು.

ಮಹಾದೇವಿ ಬಾಯಿಬಿಟ್ಟರು: “ನಮ್ಮೂರವರಿಗೆ ಬಾಡಿಗಿ ಇಲ್ರಿ ಅಕ್ಕಾರ. ಯಾವಾಗ್ಲೂ ಅರ್ಧ ಮಾಲು ಹಿಂಗೇ ಹೋಗ್ತದ.”

ಅಲ್ಲೇ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಮತ್ತೆ ಲೆಕ್ಕ ಹಾಕಿದೆ. ಹೊಸ ಪ್ಲೇಟುಗಳಲ್ಲೂ ಅರ್ಧ ಪುಕ್ಕಟೆ ಹೋದರೆ ಮೂವತ್ತೆರಡು ಇದ್ದದ್ದು ಆರಕ್ಕೆ ಇಳಿಯುತ್ತದೆ, ಅಸಲು ಹುಟ್ಟಲು ಐದು ವರ್ಷ. ರೇಣುಕಾಳ ಫೀ ತುಂಬಿದರೆ ಮನೆಗೆ ಉಳಿಯುವುದು ಚಿಲ್ಲರೆ. ಇದಕ್ಕೇ ನಾನು ಸಹಿ ಹಾಕಲಿದ್ದೆ.

“ನಿಮ್ಮವರ ಹತ್ತಿರ ಅರ್ಧ ಬಾಡಿಗೆ ತಗೊಂಡರೂ ಹತ್ತೊಂಬತ್ತು ಬರ್ತದ. ಲೇಔಟಿಗಿಂತ ಮೇಲೇ,” ಎಂದೆ.

“ಹ್ಯಾಂಗ ಕೇಳ್ಲಿ ಅಕ್ಕಾರ? ಇಲ್ಲಿ ಬಂದಾಗ ಆರು ತಿಂಗಳು ಸಿದ್ದಪ್ಪನ ಜೋಪಡಿನ್ಯಾಗ ಉಂಡೀವಿ. ನನ್ನ ಬಾಯಿಲೆ ಬರೂದಿಲ್ರಿ,” ಎಂದರು ಮಲ್ಲಪ್ಪ.

ಅದಕ್ಕೆ ನನ್ನ ಎಕ್ಸೆಲ್ಲಿನಲ್ಲಿ ಕಾಲಮ್ ಇರಲಿಲ್ಲ. ಮಹಾದೇವಿ ಅಷ್ಟಕ್ಕೇ ಬಿಡಲಿಲ್ಲ. ಫೋನು ಹಚ್ಚಿ ಸಿದ್ದಪ್ಪನನ್ನು ಕರೆಸಿಯೇ ಬಿಟ್ಟರು. ಆತ ಬಂದು ನಿಂತ. ಮಗಳ ಫೀ, ಅರ್ಧ ಬಾಡಿಗೆ ಎರಡನ್ನೂ ಆಕೆ ಒಂದೇ ಉಸಿರಿಗೆ ಹೇಳಿದರು. ಮಲ್ಲಪ್ಪ ನೆಲ ನೋಡುತ್ತಿದ್ದರು. ನನಗೋ, ಇಬ್ಬರ ನಂಟು ನನ್ನಿಂದಲೇ ಕೆಟ್ಟಿತಲ್ಲ ಎಂಬ ಸಂಕಟ.

ಸಿದ್ದಪ್ಪ ತಲೆಯ ಟವೆಲ್ ತೆಗೆದು ಕೊಡವಿ ಹೆಗಲಿಗೆ ಹಾಕಿಕೊಂಡ. “ಇದನ್ನ ಮೊದ್ಲೇ ಅಂದಿದ್ರ ಚಲೋ ಇತ್ತಲ್ಲ ಮಾರಾಯಾ. ಪುಕ್ಕಟೆ ಕೇಳ್ಲಾಕ ನಾಚಿಕಿ ಅಂತ ನನಗ ಬೇಕಾದ್ದರಾಗ ಅರ್ಧಾನೇ ನಿನ್ನ ಕಡಿ ಒಯ್ತಿದ್ದೆ. ಉಳಿದದ್ದಕ್ಕ ಮಾರ್ವಾಡಿ ಅಂಗಡ್ಯಾಗ ಪೂರಾ ರೇಟ್ ಕೊಡ್ತೀನಿ. ಇನ್ನ ಎಲ್ಲಾ ಅದೇ ರೇಟಿಗೆ ನಿನ್ನ ಕಡೀನೇ ಒಯ್ತೀನಿ ತಗೊ.”

ಮಲ್ಲಪ್ಪನವರ ಕಣ್ಣು ತುಂಬಿತು. ಮಹಾದೇವಿ ಚಹಾಕ್ಕಿಟ್ಟರು. ನನ್ನ ತಲೆಯ ಮೇಲಿನ ಭಾರ ಇಳಿದಂತಾಯಿತು. ಆ ಚಹಾದಷ್ಟು ರುಚಿಯ ಚಹಾ ಬ್ಯಾಂಕಿನ ಯಾವ ಮೀಟಿಂಗಿನಲ್ಲೂ ಕುಡಿದಿರಲಿಲ್ಲ.

ಅವರು ಹೊಸ ಪ್ಲೇಟು ಕೊಂಡರು. ಮರುವರ್ಷ ರೇಣುಕಾಳ ಮೊದಲ ಫೀ ಬಾಡಿಗೆ ದುಡ್ಡಿನಲ್ಲೇ ಹೋಯಿತು. ಈಗ ಆಕೆ ಕೊನೆಯ ವರ್ಷದಲ್ಲಿದ್ದಾಳೆ. ಲೇಔಟಿನವರು ಪರವಾನಗಿಗಾಗಿ ಇನ್ನೂ ಕಚೇರಿ ಅಲೆಯುತ್ತಿದ್ದಾರಂತೆ. ಅಲ್ಲಿ ದುಡ್ಡು ಹಾಕಿದವರನ್ನು ನೆನೆದರೆ ಪಾಪವೆನಿಸುತ್ತದೆ.

ಆರ್‌ಒಐ, ಸಿಎಜಿಆರ್, ಐಆರ್‌ಆರ್ ಮೂರನ್ನೂ ನಾನು ಇಂದಿಗೂ ತೆಗೆಯುತ್ತೇನೆ, ಅವಿಲ್ಲದೆ ಎರಡು ಹೂಡಿಕೆಯನ್ನು ಪಕ್ಕಪಕ್ಕ ಇಟ್ಟು ನೋಡಲಾಗದು. ಆದರೆ ಯಾರಾದರೂ ಭಾರಿ ದರ ಹಿಡಿದು ಮನೆಗೆ ಬಂದರೆ ಕಂಪ್ಯೂಟರ್ ತೆರೆಯುವ ಮುಂಚೆ ಒಂದು ಮಾತು ಕೇಳುತ್ತೇನೆ: ನಿಮ್ಮ ಗಿರಾಕಿಗಳಲ್ಲಿ ನಿಮ್ಮವರು ಎಷ್ಟು ಜನ?